ಹೊರಗಿನ ಕಾಟಾದಲ್ಲಿ ಒಂದು ತೂಕ, ಕಾರ್ಖಾನೆ ಕಾಟಾದಲ್ಲಿ ಇನ್ನೊಂದು. ಕೇಳೋರು ಯಾರು?

ರಾಯಬಾಗದ ಸೊಸೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮದು ರಾಯಬಾಗ ತಾಲ್ಲೂಕು, ನಾಲ್ಕು ಎಕರೆ ಕಬ್ಬು. ಹೊಲ ನೋಡೋದು ಮಾವ ಮತ್ತು ನಮ್ಮ ಮನೆಯವರು. ಲೆಕ್ಕ ನನ್ನದು. ಸೊಸೆ ಬಿ.ಕಾಂ. ಓದಿದ್ದಾಳೆ ಅಂತ ಮಾವ ಸಕ್ಕರೆ ಕಾರ್ಖಾನೆ ಸ್ಲಿಪ್‌ಗಳನ್ನೆಲ್ಲ ನನ್ನ ಕೈಗೆ ಕೊಟ್ಟಿದ್ದಾರೆ. ಹಾಗಾಗಿ ಕೇಳ್ತಿರೋದೂ ನಾನೇ.

ಈ ಹಂಗಾಮಿನಲ್ಲಿ ಕಬ್ಬು ಕಡಿಸಿದಾಗ ನಮ್ಮ ಮನೆಯವರು ಒಂದು ಡಬ್ಬಲ್ ಟ್ರ್ಯಾಲಿಯನ್ನು ರಸ್ತೆ ಬದಿಯ ಖಾಸಗಿ ಕಾಟಾದಲ್ಲಿ (ಗಾಡಿ ಸಮೇತ ತೂಗೋ ಯಂತ್ರ) ತೂಗಿಸಿ, ಆಮೇಲೆ ಕಾರ್ಖಾನೆಗೆ ಕಳಿಸಿದರು. ಖಾಲಿ ಮಾಡಿಕೊಂಡು ವಾಪಸ್ ಬರುವಾಗ ಅದೇ ಕಾಟಾದಲ್ಲಿ ಖಾಲಿ ಗಾಡಿಯನ್ನೂ ತೂಗಿಸಿದರು. ಎರಡೂ ಕಡೆಯ ಚೀಟಿ ನನ್ನ ಮುಂದೆ ಇವೆ.

ಹೊರಗಿನ ಕಾಟಾ: ತುಂಬಿದ ಗಾಡಿ 30,460 ಕೆ.ಜಿ. ಖಾಲಿ ಗಾಡಿ 8,020. ಕಬ್ಬು 22,440.

ಕಾರ್ಖಾನೆ ಕಾಟಾ: ತುಂಬಿದ ಗಾಡಿ 29,310. ಖಾಲಿ ಗಾಡಿ 8,050. ಕಬ್ಬು 21,260. ಅದರಲ್ಲಿ ರವದಿ (ಕಬ್ಬಿನ ಒಣ ಎಲೆ), ಮಣ್ಣು ಅಂತ ಶೇ 2 ಕಡಿತ, 425 ಕೆ.ಜಿ. ಕೊನೆಗೆ ನಮ್ಮ ಲೆಕ್ಕಕ್ಕೆ ಬಿದ್ದದ್ದು 20,835.

ತುಂಬಿದ ಗಾಡಿ ತೂಗುವಾಗ 1,150 ಕೆ.ಜಿ. ಕಡಿಮೆ. ಖಾಲಿ ಗಾಡಿ ತೂಗುವಾಗ 30 ಕೆ.ಜಿ. ಜಾಸ್ತಿ. ಕಾಟಾ ಕೆಟ್ಟಿದ್ದರೆ ಎರಡೂ ಸಲ ಒಂದೇ ಕಡೆಗೆ ತಪ್ಪಬೇಕಿತ್ತು ಅಲ್ವಾ? ಇಲ್ಲಿ ಎರಡು ತಪ್ಪೂ ಕಾರ್ಖಾನೆಗೇ ಲಾಭ. ಕಡಿತವನ್ನೂ ಸೇರಿಸಿದರೆ ಒಂದು ಲೋಡಿಗೆ 1,605 ಕೆ.ಜಿ. ಹೋಯಿತು. ಟನ್‌ಗೆ 3,300 ಅಂತ ಹಿಡಿದರೂ 5,296 ರೂಪಾಯಿ. ಇದು ಒಂದೇ ಗಾಡಿಯದ್ದು.

ಮನೆಯವರು ಆ ಚೀಟಿ ಹಿಡಿದುಕೊಂಡು ಕೇಳಲು ಹೋದರು. ಕಾಟಾ ಕ್ಲರ್ಕ್ ಚೀಟಿಯನ್ನು ನೋಡಲೇ ಇಲ್ಲ. "ಹೊರಗೆ ತೂಗಿಸಿದ ಗಾಡಿ ನಾವು ಒಳಗೆ ಬಿಡಬಾರದಿತ್ತು" ಅಂದರಂತೆ. ಫೀಲ್ಡ್‌ಮನ್ ಸಂಜೆ ಫೋನ್ ಮಾಡಿ, "ಇನ್ನೂ ಎರಡು ಎಕರೆ ಕಟಾವು ಬಾಕಿ ಇದೆಯಲ್ಲ, ಕಡಿಯೋ ಗ್ಯಾಂಗ್ ಕಳಿಸಬೇಕಲ್ಲ" ಅಂದರು. ಅಷ್ಟೇ ಮಾತು. ಮಾವ ಆ ರಾತ್ರಿ ಊಟ ಬಿಟ್ಟರು. ಡಿಸೆಂಬರ್‌ನಲ್ಲಿ ಕಡಿಯಬೇಕಾದ ಕಬ್ಬು ಮಾರ್ಚ್‌ವರೆಗೆ ನಿಂತರೆ ಒಣಗಿ ತೂಕ ಇಳಿಯುತ್ತದೆ, ಕಡಿದ ಬುಡದಿಂದ ಮತ್ತೆ ಚಿಗುರೋ ಕುಳೆ ಬೆಳೆಯೂ ತಡವಾಗುತ್ತದೆ. ಅದು ಅವರಿಗೂ ಗೊತ್ತು, ನಮಗೂ ಗೊತ್ತು.

ನನಗೆ ಸಿಟ್ಟು ಬರೋದು ಕಾರ್ಖಾನೆ ಮೇಲೆ ಮಾತ್ರ ಅಲ್ಲ. ಕಬ್ಬಿನ ವಿಷಯದಲ್ಲಿ ಸರ್ಕಾರ ಕೈ ಹಾಕದ ಜಾಗ ಯಾವುದಿದೆ ಹೇಳಿ. ಕಬ್ಬಿಗೆ ದರ ಕಟ್ಟೋದು ಕೇಂದ್ರ ಸರ್ಕಾರ. ಸಕ್ಕರೆಗೆ ಕನಿಷ್ಠ ದರ ಕಟ್ಟೋದೂ ಅವರೇ. ಯಾವ ಕಾರ್ಖಾನೆ ಯಾವ ತಿಂಗಳು ಎಷ್ಟು ಸಕ್ಕರೆ ಮಾರಬೇಕು ಅನ್ನೋದಕ್ಕೆ 2018ರಿಂದ ಮತ್ತೆ ಕೋಟಾ. ರಫ್ತಿಗೆ ಅಪ್ಪಣೆ ಬೇಕು. 2023ರ ಡಿಸೆಂಬರ್‌ನಲ್ಲಿ ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡಬೇಡಿ ಅಂತ ಒಂದೇ ಆದೇಶದಲ್ಲಿ ನಿಲ್ಲಿಸಿದರು, ಮುಂದಿನ ವರ್ಷ ಆಗಸ್ಟ್‌ನಲ್ಲಿ ತೆರವು ಮಾಡಿದರು. ಸಕ್ಕರೆ ಅಗ್ಗವಾಗಿ ಸಿಗಲಿ ಅಂತ ರಫ್ತು ತಡೆದಾಗ ಅದರ ಹೊರೆ ಬಿದ್ದದ್ದು ನಮ್ಮ ಮೇಲೆ. ಇಷ್ಟೆಲ್ಲ ಮಾಡೋ ಸರ್ಕಾರಕ್ಕೆ ಕಾಟಾ ಪಕ್ಕ ಒಬ್ಬ ಮನುಷ್ಯನನ್ನು ನಿಲ್ಲಿಸೋಕೆ ಆಗಲ್ವಾ? ರಿಕವರಿ, ಅಂದರೆ ಕಬ್ಬಿನ ತೂಕದಲ್ಲಿ ಶೇಕಡಾ ಎಷ್ಟು ಸಕ್ಕರೆ ಬಂತು ಅಂತ ಹೇಳೋದೂ ಕಾರ್ಖಾನೆಯ ಲ್ಯಾಬೇ. ಕೊಳ್ಳುವವನೇ ತೂಗುತ್ತಾನೆ, ಅವನೇ ಸಿಹಿ ಎಷ್ಟು ಅಂತ ಹೇಳುತ್ತಾನೆ, ದುಡ್ಡು ಯಾವಾಗ ಅಂತಲೂ ಅವನೇ.

ನಮ್ಮೂರ ಹುಡುಗರು ಕಬ್ಬಿನ ದರಕ್ಕಾಗಿ ನಡೆದ ಗುರ್ಲಾಪುರ ಕ್ರಾಸ್‌ನ ಹೋರಾಟಕ್ಕೆ ಹೋಗಿದ್ದರು. ಆಮೇಲೆ ಇಲ್ಲಿ ರಸ್ತೆ ತಡೆದರು ಅಂತ ಅವರಲ್ಲಿ ಕೆಲವರ ಮೇಲೆ ಕೇಸಾಗಿದೆ. ರಸ್ತೆಯಲ್ಲಿ ಕೂತವರನ್ನು ಹುಡುಕೋಕೆ ಸರ್ಕಾರಕ್ಕೆ ಆಳು ಸಿಗುತ್ತಾರೆ.

ನಾನು ಕೇಳೋದು ಇಷ್ಟು. ತೂಕದ ಬಗ್ಗೆ ದೂರು ಎಲ್ಲಿ ಕೊಡಬೇಕು, ಯಾರಾದರೂ ಕೊಟ್ಟಿದ್ದೀರಾ? ಬಿಲ್ ತಡವಾದದ್ದಕ್ಕೆ ಬಡ್ಡಿ ಪಡೆದವರು ಇದ್ದೀರಾ? ದೂರು ಕೊಟ್ಟ ಮೇಲೆ ನಿಮ್ಮ ಕಬ್ಬು ಯಾವಾಗ ಕಡಿದರು? ಕೊನೆಯ ಪ್ರಶ್ನೆಗೆ ದಯವಿಟ್ಟು ನಿಜ ಹೇಳಿ.

ಡಬ್ಬಲ್ ಟ್ರ್ಯಾಲಿ

ಅಕ್ಕಾರ, ನಾನು ಅಥಣಿ ಕಡೆಯವನು, ಟ್ರ್ಯಾಕ್ಟರ್ ನಮ್ಮದೇ. ಹಂಗಾಮು ಪೂರ್ತಿ ಕಾರ್ಖಾನೆಗೆ ಕಬ್ಬು ಸಾಗಿಸೋದೇ ಕೆಲಸ. ನೀವು ಬಿಟ್ಟ ಒಂದು ಮಾತು ಹೇಳ್ತೀನಿ. ನಮಗೆ ಬಾಡಿಗೆ ಕೊಡೋದೂ ಟನ್ ಲೆಕ್ಕದಲ್ಲೇ, ಕಾರ್ಖಾನೆ ತೂಕದ ಮೇಲೆಯೇ. ಕಡಿಯೋ ಗ್ಯಾಂಗಿಗೂ ಟನ್ ಲೆಕ್ಕ. ಕಾಟಾದಲ್ಲಿ ತೂಕ ಹೊಡೆದರೆ ರೈತನ ಒಂದು ಟನ್ ಹೋಗುತ್ತದೆ, ನಾನು ಎಳೆದ ಒಂದು ಟನ್ನಿನ ಬಾಡಿಗೆ ಹೋಗುತ್ತದೆ, ಬೀಡ್‌ನಿಂದ ಗಂಡ ಹೆಂಡತಿ ಮಕ್ಕಳ ಸಮೇತ ಬಂದು ಚಳಿಯಲ್ಲಿ ಗುಡಿಸಲು ಹಾಕಿಕೊಂಡು ಇರೋರ ಒಂದು ಟನ್ನಿನ ಕೂಲಿಯೂ ಹೋಗುತ್ತದೆ. ರೈತರು ನಮ್ಮನ್ನು, ಗ್ಯಾಂಗಿನವರನ್ನು ಬೈತಾರೆ, ಖುಷಿ (ಕೂಲಿಯ ಮೇಲೆ ಕೈಗೆ ಇಷ್ಟು ದುಡ್ಡು) ಕೇಳ್ತಾರೆ ಅಂತ. ಕೇಳೋದು ಹೌದು, ಸುಳ್ಳು ಹೇಳಲ್ಲ. ಆದರೆ ಮೂವರ ದುಡ್ಡೂ ಹೋಗೋದು ಒಂದೇ ಜಾಗದಲ್ಲಿ.

ನಾವು ಯಾಕೆ ಬಾಯಿ ಬಿಡಲ್ಲ ಅಂದರೆ, ಗಾಡಿ ಕರಾರು ಕಾರ್ಖಾನೆ ಜೊತೆ. ಮುಂಗಡ ತಗೊಂಡಿರ್ತೀವಿ, ಅದನ್ನೇ ಗ್ಯಾಂಗಿಗೆ ಕೊಟ್ಟಿರ್ತೀವಿ. ಗ್ಯಾಂಗ್ ಅರ್ಧಕ್ಕೆ ಓಡಿಹೋದರೆ ಆ ಮುಂಗಡ ನಮ್ಮ ತಲೆ ಮೇಲೆ. ಹೊರಗೆ ತೂಗಿಸಿ ಬಂದ ಅಂತ ಗೊತ್ತಾದರೆ ಯಾರ್ಡ್‌ನಲ್ಲಿ ನಿಲ್ಲಿಸ್ತಾರೆ. ಒಂದು ದಿನ ನಿಂತರೆ ಒಂದು ಟ್ರಿಪ್ ಹೋಯಿತು.

ಎಲ್ಲ ಕಾರ್ಖಾನೆಯೂ ಹೀಗಲ್ಲ. ಹೊರಗಿನ ತೂಕ, ಒಳಗಿನ ತೂಕ ಇಪ್ಪತ್ತು ಮೂವತ್ತು ಕೆ.ಜಿ. ಒಳಗೇ ಬರೋ ಕಡೆಗೂ ಹೊಡೆದಿದ್ದೀನಿ. ಅಂದರೆ ಸರಿಯಾಗಿ ತೂಗೋಕೆ ಆಗುತ್ತದೆ. ಮನಸ್ಸು ಮಾಡಬೇಕು ಅಷ್ಟೇ.

ಲೆಕ್ಕದ ಮಾಸ್ತರ

ತಂಗೀ, ಎರಡು ಚೀಟಿಯನ್ನೂ ಜೋಪಾನವಾಗಿ ಇಡು. ಅಂಥ ಚೀಟಿ ಶಾಯಿ ಬೇಗ ಮಾಸುತ್ತದೆ, ಇವತ್ತೇ ಝೆರಾಕ್ಸ್ ಮಾಡಿಸು. ಹೊರಗಿನ ಕಾಟಾದ ಮಾಲೀಕರ ಬಳಿ ಅವರ ಯಂತ್ರಕ್ಕೆ ಆದ ಮುದ್ರೆಯ ಪ್ರಮಾಣಪತ್ರದ ಪ್ರತಿಯನ್ನೂ ಕೇಳಿ ತೆಗೆದುಕೋ. ಇಲ್ಲದಿದ್ದರೆ "ನಿಮ್ಮ ಕಾಟಾನೇ ತಪ್ಪು" ಅಂತ ಮೊದಲ ಮಾತಿಗೇ ತಳ್ಳಿಹಾಕುತ್ತಾರೆ.

ತೂಕದ ದೂರು ಕಾನೂನು ಮಾಪನಶಾಸ್ತ್ರ ಇಲಾಖೆಗೆ ಕೊಡಬೇಕು. ನಮ್ಮ ಕಡೆ ತೂಕ ಅಳತೆ ಆಫೀಸು ಅನ್ನುತ್ತೇವಲ್ಲ, ಅದೇ. ಲಾರಿ ತೂಗುವ ಕಾಟಾಗಳಿಗೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿ ಮುದ್ರೆ ಹಾಕಬೇಕು. ಮಾರುವವನು ಕಡಿಮೆ ಕೊಟ್ಟರೆ ಮಾತ್ರ ತಪ್ಪು ಅಂತ ಜನ ತಿಳಿದಿದ್ದಾರೆ. ಕೊಳ್ಳುವವನು ಮೋಸದಿಂದ ಹೆಚ್ಚು ಪಡೆದರೂ 2009ರ ಕಾಯ್ದೆಯಲ್ಲಿ ಅಪರಾಧವೇ. ದೂರಿನ ಒಂದು ಪ್ರತಿ ಜಿಲ್ಲಾಧಿಕಾರಿಗೆ, ಒಂದು ಕಬ್ಬು ಅಭಿವೃದ್ಧಿ ಆಯುಕ್ತರಿಗೆ. ಕೈಯಲ್ಲಿ ಕೊಟ್ಟರೆ ಸ್ವೀಕೃತಿ ತೆಗೆದುಕೋ, ಇಲ್ಲದಿದ್ದರೆ ರಿಜಿಸ್ಟರ್ ಪೋಸ್ಟ್.

ಬಡ್ಡಿ ವಿಷಯ. 1966ರ ಕಬ್ಬು ನಿಯಂತ್ರಣ ಆದೇಶ ನೋಡು. ಕಬ್ಬು ಕೊಟ್ಟ 14 ದಿನದಲ್ಲಿ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ ಶೇ 15 ಬಡ್ಡಿ. ನಾಲ್ಕು ಲಕ್ಷದ ಬಿಲ್ 14 ದಿನ ಮುಗಿದ ಮೇಲೂ ಎರಡು ತಿಂಗಳು ತಡವಾಯಿತು ಅಂದುಕೋ, ಬಡ್ಡಿಯೇ 9,800 ರೂಪಾಯಿ ದಾಟುತ್ತದೆ. ಕೊಡದಿದ್ದರೆ ಭೂ ಕಂದಾಯದ ಬಾಕಿ ವಸೂಲಿ ಮಾಡಿದ ಹಾಗೆ ಕಾರ್ಖಾನೆಯಿಂದ ವಸೂಲಿ ಮಾಡುವ ಅಧಿಕಾರ ಸರ್ಕಾರಕ್ಕಿದೆ. ಬರೆದು ಕೇಳುವ ರೈತರು ಕಡಿಮೆ. ಕೇಳದೆ ಕೊಡುವವರು ಇಲ್ಲವೇ ಇಲ್ಲ.

ರಿಕವರಿ ಬಗ್ಗೆಯೂ ನೋಡು. 2025-26ಕ್ಕೆ ಕೇಂದ್ರ ಕಟ್ಟಿದ ಕಬ್ಬಿನ ಕನಿಷ್ಠ ದರ, ಅಂದರೆ ಎಫ್‌ಆರ್‌ಪಿ, ಶೇ 10.25 ರಿಕವರಿಗೆ ಕ್ವಿಂಟಲ್‌ಗೆ 355 ರೂಪಾಯಿ, ಟನ್‌ಗೆ 3,550. ಅದರ ಮೇಲೆ ಪ್ರತಿ 0.1ಕ್ಕೆ ಕ್ವಿಂಟಲ್‌ಗೆ 3.46 ರೂಪಾಯಿ ಜಾಸ್ತಿ. ಅಂದರೆ ಲ್ಯಾಬ್‌ನಲ್ಲಿ 0.1 ಆಚೀಚೆ ಆದರೆ ಟನ್‌ಗೆ 34 ರೂಪಾಯಿ 60 ಪೈಸೆ. ನಾಲ್ಕು ಎಕರೆಗೆ 160 ಟನ್ ಬೆಳೆದರೆ 5,500 ರೂಪಾಯಿ ಮೇಲೆ. ಈ 3,550ರಲ್ಲೇ ಕಟಾವು, ಸಾಗಾಣಿಕೆ ವೆಚ್ಚ ಕಳೆಯುತ್ತಾರೆ. ಹಾಗಾಗಿ ಪೇಪರಿನಲ್ಲಿ ಬರುವ ದರವೇ ಬೇರೆ, ಪಾಸ್‌ಬುಕ್ಕಿಗೆ ಬರುವುದೇ ಬೇರೆ.

ಇನ್ನೊಂದು ಸಂಗತಿ ಈಗಿನ ಹುಡುಗರಿಗೆ ಗೊತ್ತಿಲ್ಲ. ಮೊದಲು ಅದೇ ಆದೇಶದಲ್ಲಿ 5-ಎ ಅಂತ ಒಂದು ಕಲಂ ಇತ್ತು. ಹಂಗಾಮು ಮುಗಿದ ಮೇಲೆ ಕಾರ್ಖಾನೆಗೆ ಬಂದ ಹೆಚ್ಚಿನ ಲಾಭದಲ್ಲಿ ರೈತನಿಗೂ ಪಾಲು ಕೊಡಬೇಕಿತ್ತು. 2009ರಲ್ಲಿ ಎಫ್‌ಆರ್‌ಪಿ ತಂದಾಗ ಅದನ್ನು ತೆಗೆದರು. 2012ರಲ್ಲಿ ರಂಗರಾಜನ್ ಸಮಿತಿ, ಸಕ್ಕರೆ ಮತ್ತು ಉಪ ಉತ್ಪನ್ನದ ಆದಾಯದಲ್ಲಿ ಶೇ 70 ರೈತನಿಗೆ ಅಂತ ಹೇಳಿತು. ಅದೇ ಸಮಿತಿ ಲೆವಿ ಸಕ್ಕರೆ (ಕಾರ್ಖಾನೆ ಸರ್ಕಾರಕ್ಕೆ ಕಡಿಮೆ ದರಕ್ಕೆ ಕೊಡಬೇಕಿದ್ದ ಪಾಲು) ತೆಗೆಯಿರಿ ಅಂದಿತ್ತು, ಅದನ್ನು ಮರುವರ್ಷವೇ ತೆಗೆದರು. ಕಾರ್ಖಾನೆಗೆ ಅನುಕೂಲ ಆಗುವ ಶಿಫಾರಸು ಬೇಗ ಜಾರಿಯಾಯಿತು.

ನಿನ್ನ ಕೊನೆಯ ಪ್ರಶ್ನೆಗೆ ನಿಜ ಹೇಳಬೇಕೆಂದರೆ, ಒಬ್ಬರೇ ದೂರು ಕೊಡಬೇಡಿ. ಹತ್ತು ಹದಿನೈದು ಮನೆಯವರು ಒಟ್ಟಿಗೆ ಸಹಿ ಹಾಕಿ. ಒಬ್ಬರ ಹೊಲ ಬಿಟ್ಟು ಮುಂದೆ ಹೋಗುವುದು ಫೀಲ್ಡ್‌ಮನ್‌ಗೆ ಸುಲಭ. ಇಡೀ ಓಣಿ ಬಿಟ್ಟರೆ ಅವರಿಗೇ ಕಬ್ಬು ಸಾಲದೆ ಹೋಗುತ್ತದೆ.

ಪಾಳಿ ಮೂರು

ನಾನು ಬಾಗಲಕೋಟೆ ಜಿಲ್ಲೆಯ ಒಂದು ಕಾರ್ಖಾನೆಯ ಲ್ಯಾಬ್‌ನಲ್ಲಿ ಕೆಲಸ ಮಾಡ್ತೀನಿ. ನಮ್ಮ ಮನೆಯಲ್ಲೂ ಕಬ್ಬಿದೆ. ಎಲ್ಲರೂ ಕಾರ್ಖಾನೆಯವರನ್ನು ಕಳ್ಳರು ಅನ್ನೋದಕ್ಕೆ ಬೇಜಾರಾಗಿ ಬರೀತಿದ್ದೀನಿ.

ಮೊದಲು ಗಾಡಿ ಎಷ್ಟು ಹೊತ್ತು ಸಾಲಿನಲ್ಲಿತ್ತು ಹೇಳಿ. ಕಡಿದ ಕಬ್ಬು ಬಿಸಿಲಲ್ಲಿ ನಿಂತರೆ ತೂಕ ಇಳಿಯುತ್ತದೆ, ಸಿಹಿಯೂ ಇಳಿಯುತ್ತದೆ. ಹೊರಗೆ ತೂಗುವಾಗ ಡ್ರೈವರ್ ಮೇಲೇ ಕೂತಿದ್ದರೆ ಅದೂ ಅರವತ್ತು ಎಪ್ಪತ್ತು ಕೆ.ಜಿ. ರವದಿ ಸಮೇತ ತುಂಬಿ ಕಳಿಸೋ ಗ್ಯಾಂಗುಗಳೂ ಇವೆ. ಅದೆಲ್ಲ ಮಿಲ್ಲಿಗೆ ಹೋದರೆ ರಸ ಹೀರಿಕೊಂಡು ರಿಕವರಿ ಬೀಳುತ್ತದೆ. 265 ತಳಿ ತೂಕ ಚೆನ್ನಾಗಿ ಬರುತ್ತದೆ ಅಂತ ಎಲ್ಲರೂ ಅದನ್ನೇ ಹಾಕಿದರೆ, ರಿಕವರಿ 86032 ತಳಿಯ ಹಾಗೆ ಬಾ ಅಂದರೆ ಬರಲ್ಲ.

ಮಾಲೀಕರ ಲೆಕ್ಕವೂ ಇದೆ. ಸಕ್ಕರೆಯ ಕನಿಷ್ಠ ಮಾರಾಟ ದರ 2019ರ ಫೆಬ್ರವರಿಯಲ್ಲಿ ಕೆ.ಜಿ.ಗೆ 31 ರೂಪಾಯಿ ಮಾಡಿದರು, ಆಮೇಲೆ ವರ್ಷಗಟ್ಟಲೆ ಅಲ್ಲೇ ನಿಂತಿತ್ತು. 2019-20ರಲ್ಲಿ ಎಫ್‌ಆರ್‌ಪಿ ಕ್ವಿಂಟಲ್‌ಗೆ 275 ಇತ್ತು, 2025-26ಕ್ಕೆ 355. ಎಥೆನಾಲ್‌ಗೆ ಅಂತ ಸಾಲ ಮಾಡಿ ಡಿಸ್ಟಿಲರಿ ಕಟ್ಟಿದವರು 2023ರ ಆ ಆದೇಶಕ್ಕೆ ತತ್ತರಿಸಿ ಹೋದರು. ಸರ್ಕಾರ ಬೆಳಿಗ್ಗೆ ಒಂದು, ಸಂಜೆ ಒಂದು ಹೇಳಿದರೆ ಯಾವ ಉದ್ಯಮ ನಡೆಯುತ್ತದೆ?

ಆದರೆ ನಿಮ್ಮ ಚೀಟಿಯಲ್ಲಿ ತುಂಬಿದ ಗಾಡಿ 1,150 ಕಡಿಮೆ, ಖಾಲಿ ಗಾಡಿ 30 ಜಾಸ್ತಿ ಅನ್ನೋದು ನಿಜವಾದರೆ ಅದಕ್ಕೆ ನನ್ನ ಬಳಿ ಉತ್ತರ ಇಲ್ಲ. ಯಂತ್ರದ ದೋಷ ಸಾಮಾನ್ಯವಾಗಿ ಭಾರಕ್ಕೆ ತಕ್ಕ ಹಾಗೆ ಬರುತ್ತದೆ. ಮೂವತ್ತು ಟನ್‌ಗೆ ಅಷ್ಟು ತಪ್ಪಿದರೆ ಎಂಟು ಟನ್‌ಗೆ ಮುನ್ನೂರು ಕೆ.ಜಿ.ಯಾದರೂ ಕಡಿಮೆ ತೋರಿಸಬೇಕಿತ್ತು.

ರಾಯಬಾಗದ ಸೊಸೆ

ಮಾಸ್ತರೇ, ಝೆರಾಕ್ಸ್ ಆಯಿತು. ಕಾಟಾದ ಮಾಲೀಕರೂ ಪ್ರಮಾಣಪತ್ರದ ಫೋಟೊ ಕಳಿಸಿದರು, ಮುದ್ರೆ ಈ ವರ್ಷದ್ದೇ.

ಲ್ಯಾಬ್ ಅಣ್ಣನವರೇ, ಹೊರಗೆ ತೂಗಿದ್ದು ಬೆಳಿಗ್ಗೆ 9.20ಕ್ಕೆ, ಕಾರ್ಖಾನೆಯಲ್ಲಿ ಅದೇ ದಿನ ಮಧ್ಯಾಹ್ನ 3.45ಕ್ಕೆ. ಚೀಟಿಯಲ್ಲೇ ಸಮಯ ಇದೆ. ಚಳಿಗಾಲದ ಆರೂವರೆ ಗಂಟೆಯಲ್ಲಿ ಸಾವಿರ ಕೆ.ಜಿ. ಮೇಲೆ ಒಣಗಿ ಹೋಗುವ ಕಬ್ಬು ಇರಲ್ಲ. ಡ್ರೈವರ್ ಎರಡೂ ಕಡೆ ಕೆಳಗಿಳಿದಿದ್ದರು. ರವದಿ ಇದ್ದದ್ದೇ ಆದರೆ ಒಂದು ಕಟ್ಟು ಬಿಚ್ಚಿ ನಮ್ಮ ಮುಂದೆ ತೂಗಿ ತೋರಿಸಲಿ, ಒಪ್ಪಿಕೊಳ್ತೀವಿ. ನಮ್ಮ ಸ್ಲಿಪ್‌ಗಳನ್ನೆಲ್ಲ ತೆಗೆದು ನೋಡಿದೆ. ಎಲ್ಲ ಗಾಡಿಗೂ ಶೇ 2. ಎಲ್ಲ ಗಾಡಿಯಲ್ಲೂ ರವದಿ ಒಂದೇ ಅಳತೆಯಲ್ಲಿ ಇರುತ್ತದಾ?

ಮಾಲೀಕರಿಗೂ ಕಷ್ಟ ಇದೆ ಅಂದಿರಿ. ಇರಬಹುದು. ಆದರೆ ಒಂದು ಟನ್ ಕಬ್ಬಿನಿಂದ ಬರೋದು ಸಕ್ಕರೆ ಒಂದೇನಾ? ಮುನ್ನೂರು ಕೆ.ಜಿ. ಹತ್ತಿರ ಬಗಾಸ್ (ಕಬ್ಬಿನ ಸಿಪ್ಪೆ) ಬರುತ್ತದೆ, ಅದನ್ನು ಸುಟ್ಟು ಕರೆಂಟ್ ಮಾಡಿ ಮಾರ್ತಾರೆ. ನಲವತ್ತು ಕೆ.ಜಿ. ಮೇಲೆ ಮೊಲಾಸಿಸ್ (ಕಾಕಂಬಿ), ಅದರಿಂದ ಸ್ಪಿರಿಟ್, ಎಥೆನಾಲ್. ಪ್ರೆಸ್‌ಮಡ್ಡನ್ನು ಗೊಬ್ಬರ ಅಂತ ನಮಗೇ ವಾಪಸ್ ಮಾರ್ತಾರೆ. ಇದರಲ್ಲಿ ಯಾವುದರ ಹೆಸರೂ ನಮ್ಮ ಬಿಲ್‌ನಲ್ಲಿ ಇರಲ್ಲ. ಸಕ್ಕರೆ ದರ ಏರಿಸಿ ಅಂತ ದೆಹಲಿಗೆ ಹೋಗೋಕೆ ಅವರಿಗೆ ಸಂಘ ಇದೆ, ಶಾಸಕರಿದ್ದಾರೆ, ಮಂತ್ರಿಗಳಿದ್ದಾರೆ. ನಮ್ಮ ಜಿಲ್ಲೆಯಲ್ಲಿ ಕಾರ್ಖಾನೆ ನಡೆಸೋರಲ್ಲಿ ಯಾವ ಪಕ್ಷದವರು ಇಲ್ಲ ಹೇಳಿ. ಸರ್ಕಾರ ಮಾಡಿದ ತಪ್ಪಿನ ನಷ್ಟವನ್ನು ಸರ್ಕಾರದ ಹತ್ತಿರ ಕೇಳಲಿ. ನಮ್ಮ ಟ್ರ್ಯಾಲಿಯಿಂದ ತೆಗೆದುಕೊಳ್ಳೋದು ಯಾವ ನ್ಯಾಯ?

ನೀವು ಕೊನೆಗೆ ಬರೆದ ಮಾತಿಗೆ ಮಾತ್ರ ಮನಸ್ಸಿಂದ ಧನ್ಯವಾದ. ಒಳಗಿದ್ದವರು ಅಷ್ಟು ಹೇಳೋದೂ ದೊಡ್ಡದು.

ಘಟಪ್ರಭಾ ದಂಡೆ

ಮುಧೋಳದಿಂದ. ನಾವೂ ಈ ಸಲ ರಸ್ತೆಯಲ್ಲಿ ಕೂತವರೇ.

ಕೇಳಿದ್ದು ಟನ್‌ಗೆ 3,500, ಕಟಾವು, ಸಾಗಾಣಿಕೆ ವೆಚ್ಚ ಬಿಟ್ಟು. 2025ರ ನವೆಂಬರ್ 7ರಂದು ರಾಜ್ಯ ಸರ್ಕಾರ 3,300 ಅಂತ ಹೇಳಿತು, ಅದೂ ರಿಕವರಿ ಶೇ 11.25 ಇದ್ದರೆ. ಗುರ್ಲಾಪುರದಲ್ಲಿ ಪಟಾಕಿ ಹೊಡೆದರು. ನಮ್ಮ ಕಡೆ ಒಪ್ಪಲಿಲ್ಲ, ಹೋರಾಟ ಮುಂದುವರೀತು. ಆಮೇಲೆ ಕಬ್ಬು ತುಂಬಿದ ಟ್ರ್ಯಾಲಿಗಳಿಗೆ ಬೆಂಕಿ ಬಿತ್ತು. ಅದನ್ನು ನೋಡಿ ಹೊಟ್ಟೆ ಉರೀತು. ಯಾರೇ ಹಚ್ಚಿರಲಿ, ಸುಟ್ಟದ್ದು ಒಬ್ಬ ರೈತನ ವರ್ಷದ ಬೆಳೆ, ಒಬ್ಬ ಡ್ರೈವರನ ಗಾಡಿ.

ತಂಗಿ ಹೇಳಿದ್ದು ಸರಿ. ನಾವು ಇಷ್ಟು ವರ್ಷ ದರ ದರ ಅಂತ ಕೂಗಿದ್ದೇವೆ. ದರ 50 ರೂಪಾಯಿ ಏರಿಸಿ ತೂಕದಲ್ಲಿ ಶೇ 5 ಹೊಡೆದರೆ ಟನ್‌ಗೆ 165 ಹೋಯಿತು. ಏರಿಸಿದ್ದು ಎಲ್ಲಿ ಉಳೀತು?

ಬೇರೆ ಕಡೆ ಕೊಡಿ ಅಂತ ಸುಲಭವಾಗಿ ಹೇಳ್ತಾರೆ. ಗಡಿ ದಾಟಿ ಕೊಲ್ಲಾಪುರ, ಸಾಂಗ್ಲಿ ಕಡೆ ಕೊಟ್ಟರೆ ದರ ಚೆನ್ನಾಗಿ ಸಿಗುತ್ತದೆ ಅಂತ ಚಿಕ್ಕೋಡಿ, ಅಥಣಿಯವರು ಹೋಗ್ತಾರೆ. ಆ ಬಾಗಿಲೂ ಯಾವಾಗ ಮುಚ್ಚುತ್ತದೋ ಗೊತ್ತಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರ ಸರ್ಕಾರ ತಮ್ಮ ರೈತರು ಹೊರ ರಾಜ್ಯಕ್ಕೆ ಕಬ್ಬು ಕಳಿಸಬಾರದು ಅಂತ ಆದೇಶ ಮಾಡಿತ್ತು. ಅಲ್ಲಿನ ರೈತರು ಎದ್ದು ನಿಂತ ಮೇಲೆ ವಾಪಸ್ ತಗೊಂಡರು. ರೈತ ಬೆಳೆದ ಕಬ್ಬನ್ನು ಯಾರಿಗೆ ಮಾರಬೇಕು ಅಂತ ಸರ್ಕಾರ ಹೇಳೋದೇ ಅತಿಯಾಯಿತು. ಅಲ್ಲಿ ಮಾಡಿದ್ದನ್ನು ನಾಳೆ ನಮ್ಮಲ್ಲೂ ಮಾಡಬಹುದು.

ನನ್ನ ಬೇಡಿಕೆ ಎರಡೇ. ಪ್ರತಿ ಕಾರ್ಖಾನೆ ಗೇಟಿನ ಹೊರಗೆ ಸರ್ಕಾರದ ಕಾಟಾ, ಬಿಲ್ ಆ ತೂಕದ ಮೇಲೆ. ರಿಕವರಿ ನೋಡೋಕೆ ಬೆಳಗಾವಿಯಲ್ಲೇ ಇರುವ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆಯಂಥ ಕಡೆಯಿಂದ ಜನ, ಹಂಗಾಮು ಪೂರ್ತಿ ಲ್ಯಾಬ್‌ನಲ್ಲಿ. ಇಷ್ಟು ಕೆಲಸದಲ್ಲಿ ಸರ್ಕಾರ ಕೈ ಹಾಕಲಿ. ಉಳಿದದ್ದರಿಂದ ಸ್ವಲ್ಪ ಹಿಂದೆ ಸರಿಯಲಿ.

ಕಟಾವಿನ ವಿಷಯ ಕೇಳಿದ್ದೀಯಲ್ಲ. ನಾನು ಮೂರು ವರ್ಷದ ಹಿಂದೆ ಬಾಕಿ ಬಿಲ್‌ಗೆ ದೂರು ಕೊಟ್ಟೆ. ಆ ವರ್ಷ ನನ್ನ ಕಬ್ಬು ಓಣಿಯಲ್ಲಿ ಕೊನೆಗೆ ಕಡಿದರು. ಹಣ ಬಂತು, ಬಡ್ಡಿ ಬರಲಿಲ್ಲ. ಮರುವರ್ಷ ಓಣಿಯವರೆಲ್ಲ ಸೇರಿ ಹೋದೆವು, ಯಾರ ಕಬ್ಬೂ ನಿಲ್ಲಲಿಲ್ಲ.

ರಾಯಬಾಗದ ಸೊಸೆ

ಅಣ್ಣಾ, ನಿಜ ಹೇಳಿದ್ದಕ್ಕೆ ಧನ್ಯವಾದ. ನಿಮ್ಮ ಮಾತನ್ನು ಮಾವನಿಗೆ ಓದಿ ಹೇಳಿದೆ. "ಒಬ್ಬರೇ ಬೇಡ, ಓಣಿಯವರನ್ನು ಕೇಳೋಣ" ಅಂದರು. ನಿನ್ನೆ ರಾತ್ರಿ ಗುಡಿ ಕಟ್ಟೆ ಮೇಲೆ ಮಾತಾಯಿತು. ಸಹಿ ಹಾಕ್ತೀವಿ ಅಂದವರು ಹನ್ನೊಂದು ಮನೆ. ಇಬ್ಬರು ಕಟಾವು ಮುಗಿದ ಮೇಲೆ ಹಾಕ್ತೀವಿ ಅಂದರು, ಅವರನ್ನು ನಾನು ತಪ್ಪು ಅನ್ನಲ್ಲ. ಮಗಳ ಮದುವೆ ಇದೆ ಒಬ್ಬರಿಗೆ.

ಉಳಿದ ಎರಡು ಎಕರೆಯ ಕಬ್ಬಿಗೂ ಹೊರಗೆ ತೂಗಿಸಿಯೇ ಕಳಿಸೋದು ಅಂತ ತೀರ್ಮಾನ ಆಗಿದೆ. ಗಾಡಿ ತಡೆದರೆ ಹನ್ನೊಂದು ಮನೆಯವರೂ ಗೇಟಿಗೆ ಹೋಗ್ತೀವಿ.

ಕುಡಚಿ, ಚಿಂಚಲಿ, ಹಾರೂಗೇರಿ ಕಡೆಯವರು ಯಾರ ಬಳಿಯಾದರೂ ಈ ಹಂಗಾಮಿನ ಎರಡೂ ಕಾಟಾದ ಚೀಟಿ ಇದ್ದರೆ ಇಲ್ಲಿ ಬರೆಯಿರಿ. ಹೆಸರು, ಗಾಡಿ ನಂಬರ್ ಬೇಡ. ತುಂಬಿದ ತೂಕ, ಖಾಲಿ ತೂಕ, ಕಡಿತ, ಎರಡೂ ಕಡೆಯ ಸಮಯ. ಇಷ್ಟೇ ಸಾಕು. ಮಾಸ್ತರೇ, ದೂರಿನ ಒಂದು ಮಾದರಿ ಬರೆದು ಕೊಡ್ತೀರಾ? ಕನ್ನಡದಲ್ಲೇ ಇರಲಿ, ಓಣಿಯವರು ಓದಿಯೇ ಸಹಿ ಹಾಕಬೇಕು.

ಲೆಕ್ಕದ ಮಾಸ್ತರ

ಭಾನುವಾರದೊಳಗೆ ಬರೆದು ಹಾಕುತ್ತೇನೆ. ತೂಕಕ್ಕೆ ಒಂದು, ಬಡ್ಡಿಗೆ ಒಂದು, ಬೇರೆ ಬೇರೆ ಅರ್ಜಿ ಇರಲಿ. ಒಂದರಲ್ಲೇ ಎರಡನ್ನೂ ಬರೆದರೆ ಇದು ನಮಗೆ ಬರುವುದಿಲ್ಲ, ಅವರಿಗೆ ಬರುತ್ತದೆ ಅಂತ ಎರಡೂ ಆಫೀಸಿನವರು ಆಚೆ ತಳ್ಳುತ್ತಾರೆ.

ಡಬ್ಬಲ್ ಟ್ರ್ಯಾಲಿ

ಅಕ್ಕಾರ, ನನ್ನ ಡ್ಯಾಶ್‌ಬೋರ್ಡ್‌ನಲ್ಲಿ ಹೋದ ತಿಂಗಳ ಚೀಟಿಗಳು ಇವೆ, ಕೆಲವಕ್ಕೆ ಎರಡೂ ಕಡೆಯ ತೂಕ ಇದೆ. ಹೊಲದ ಮಾಲೀಕರನ್ನು ಕೇಳಿ ಒಪ್ಪಿದವರದ್ದು ಹಾಕ್ತೀನಿ. ನಮ್ಮ ಕಡೆ ಗಾಡಿಯವರು ಇನ್ನೂ ನಾಲ್ಕು ಜನ ಕೊಡ್ತೀವಿ ಅಂದಿದ್ದಾರೆ.